ದುಡಿದ ಕೈಯ ಚರಿತ್ರೆ ಬರೆದಿಡುವುದು ಹೇಗೆ

ಮನೆಯ ಬಾಗಿಲಿಗೆ ತಾವೇ ಕೀಸುಳಿ ಹಾಕಿ, ಮೋಟರು ಕೆಟ್ಟರೆ ತಾವೇ ಬಿಚ್ಚಿ, ಬೀದಿಯವರ ಮಿಕ್ಸಿ, ಫ್ಯಾನು ರಿಪೇರಿ ಮಾಡುತ್ತಲೇ ಸಂಸಾರ ಸಾಗಿಸಿದವರು ತೀರಿಕೊಂಡಾಗ ಅಚ್ಚಾಗುವ ಕರಪತ್ರದಲ್ಲಿ ಮೂರೇ ಮಾತಿರುತ್ತವೆ: ಶ್ರಮಜೀವಿ, ಸರಳ ಸ್ವಭಾವದವರು, ಎಲ್ಲರಿಗೂ ಬೇಕಾದವರು. ಸುಳ್ಳೇನಲ್ಲ. ಆದರೆ ಪಕ್ಕದ ಮನೆಯವರ ಕರಪತ್ರದಲ್ಲೂ ಅದೇ ಇರುತ್ತದೆ. ಇಂಥವರು ಮಾತಿಗಿಂತ ಕೆಲಸ ಹೆಚ್ಚು ಬಿಟ್ಟುಹೋಗಿರುತ್ತಾರೆ. ಅವರ ಬದುಕನ್ನು ಒಂದು ಸಣ್ಣ ಪುಸ್ತಿಕೆಯಾಗಿ ಬರೆಯಬೇಕಾದರೆ ಗುಣವಾಚಕಗಳನ್ನು ಪಕ್ಕಕ್ಕಿಟ್ಟು ಸಾಮಾನಿನ ಪೆಟ್ಟಿಗೆ, ಲೆಕ್ಕದ ಪುಸ್ತಕ, ಗೋಡೆಯೊಳಗಿನ ಪೈಪು, ಜೊತೆಗೆ ದುಡಿದವರ ನೆನಪು ಇವುಗಳಿಂದ ಶುರು ಮಾಡಬೇಕು.

ಮೊದಲ ಎರಡು ವಾರ: ಯಾವುದನ್ನು ಎಸೆಯಬಾರದು

ಸೂತಕ ಕಳೆಯುವಾಗ ಮನೆ ತೊಳೆಯುವ ಭರದಲ್ಲೇ ಹೆಚ್ಚು ದಾಖಲೆ ಹಾಳಾಗುವುದು. ಹಳೆಯ ಚೀಲ ಗುಜರಿಗೆ, ಪೇಪರಿನ ಕಟ್ಟು ಹಂಡೆ ಒಲೆಗೆ ಹೋಗುತ್ತವೆ. ಒಂದು ಗೋಣಿಚೀಲವನ್ನೋ ರಟ್ಟಿನ ಪೆಟ್ಟಿಗೆಯನ್ನೋ ಮೊದಲೇ ಎತ್ತಿಟ್ಟು, ಅನುಮಾನ ಬಂದದ್ದನ್ನೆಲ್ಲ ಅದಕ್ಕೆ ಹಾಕಿ. ಮುಖ್ಯವಾಗಿ ಕೆಲಸದ ಚೀಲವನ್ನು ಒಳಗಿನ ಸಾಮಾನಿನ ಸಮೇತ, ಶರ್ಟಿನ ಜೇಬಿನ ಡೈರಿ, ಪರ್ಸಿನೊಳಗಿನ ಚೀಟಿಗಳು, ಕನ್ನಡಕ, ಹಾರ್ಡ್‌ವೇರ್ ಅಂಗಡಿಯ ಬಿಲ್ಲುಗಳು, ಫೋನು. ಗೋಡೆಯ ಮೇಲಿನ ಕ್ಯಾಲೆಂಡರನ್ನೂ ಬಿಡಬೇಡಿ. ಬಂದ ಅಡ್ವಾನ್ಸು, ಕೂಲಿಯ ದಿನ, ಗ್ಯಾಸ್ ಬುಕ್ ಮಾಡಿದ ತಾರೀಖು ಎಲ್ಲವೂ ಅದರ ಚೌಕಗಳಲ್ಲಿ ಇರುತ್ತವೆ. ಬದುಕಿದ್ದಾಗ ಯಾರೂ ಓದದ ಬರಹ ಅದು.

ಚೀಲ ಬಿಚ್ಚುವ ಮುಂಚೆ ಹೇಗಿತ್ತೋ ಹಾಗೇ ಒಂದು ಫೋಟೊ ತೆಗೆಯಿರಿ. ಯಾವುದು ಮೇಲಿತ್ತು, ಯಾವುದಕ್ಕೆ ಬಟ್ಟೆ ಸುತ್ತಿತ್ತು, ಯಾವುದು ಕೈಗೆ ಸಿಗುವಂತೆ ಪಕ್ಕದ ಜೇಬಿನಲ್ಲಿತ್ತು ಅನ್ನುವುದು ಒಮ್ಮೆ ಸುರಿದ ಮೇಲೆ ಗೊತ್ತಾಗುವುದಿಲ್ಲ.

ಪೇಪರಿಗೆ ಕೊಡುವ ಶ್ರದ್ಧಾಂಜಲಿ ಜಾಹೀರಾತಿನಲ್ಲಿ ಜಾಗ ಕಡಿಮೆ. ಹೆಸರು, ವಯಸ್ಸು, ಊರು, ಕಸುಬು, ಕಾರ್ಯದ ದಿನ ಮತ್ತು ಸ್ಥಳ ಸಾಕು. ಕಸುಬನ್ನು ಮಾತ್ರ ಬಿಡಬೇಡಿ. ‘ವೈರ್‌ಮನ್’ ಅಥವಾ ‘ಬಡಗಿ ಕೆಲಸದ’ ಎಂದು ಹೆಸರಿನ ಪಕ್ಕ ಇದ್ದರೆ ದೂರದ ಗಿರಾಕಿಗಳಿಗೂ ಗುರುತು ಹತ್ತುತ್ತದೆ, ಮುಂದೆ ಮಾಹಿತಿ ಕೊಡುವವರೂ ಅವರೇ. ಪೂರ್ತಿ ಹುಟ್ಟಿದ ತಾರೀಖು, ಮನೆ ನಂಬರು ಹಾಕುವುದು ಬೇಡ. ತೀರಿಕೊಂಡವರ ಹೆಸರಿನಲ್ಲಿ ಮೋಸ ಮಾಡುವವರಿಗೆ ಅಷ್ಟೇ ಬೇಕಾಗಿರುವುದು.

ಫೋನಿಗೆ ಗಡುವಿದೆ. ಪ್ರಿಪೇಯ್ಡ್ ನಂಬರನ್ನು 90 ದಿನ ಬಳಸದೆ ಬಿಟ್ಟರೆ ಕಡಿತವಾಗಬಹುದು, ಆಮೇಲೆ ಅದು ಬೇರೆಯವರ ಪಾಲಾಗುತ್ತದೆ. ವಾಟ್ಸಾಪ್ ಖಾತೆಯೂ ಸುಮಾರು 120 ದಿನ ಸುಮ್ಮನಿದ್ದರೆ ಅಳಿಸಿಹೋಗುತ್ತದೆ. ಆದ್ದರಿಂದ ಕಡಿಮೆ ದರದ ರೀಚಾರ್ಜ್ ಮಾಡಿಸಿ ಸಿಮ್ ಜೀವಂತ ಇಟ್ಟು, ಮನೆಯವರ ಜೊತೆಗಿನ ಮಾತುಕತೆಯನ್ನು ‘ಎಕ್ಸ್‌ಪೋರ್ಟ್ ಚಾಟ್’ ಮೂಲಕ ಫೋಟೊ, ಧ್ವನಿ ಸಮೇತ ಹೊರತೆಗೆಯಿರಿ. ಧ್ವನಿ ಸಂದೇಶಗಳು ‘ಒಪಸ್’ ಎಂಬ ಮಾದರಿಯ ಕಡತಗಳಾಗಿ ಬರುತ್ತವೆ. ಕೆಲವು ಹಳೆಯ ಪ್ಲೇಯರುಗಳಲ್ಲಿ ಓಡುವುದಿಲ್ಲ, ಎಂಪಿ3 ಮಾಡಿ ಇನ್ನೊಂದು ಪ್ರತಿ ಇಡಿ, ಮೂಲವನ್ನು ಅಳಿಸಬೇಡಿ. ‘ಮೋಟರ್ ಆನ್ ಮಾಡಿದ್ಯಾ?’ ಅನ್ನುವ ನಾಲ್ಕು ಸೆಕೆಂಡಿನ ಸಂದೇಶವೇ ಮುಂದೆ ಎಲ್ಲಕ್ಕಿಂತ ಹೆಚ್ಚು ಕೇಳುವ ದಾಖಲೆಯಾಗುವುದುಂಟು. ಬ್ಯಾಂಕು, ಯುಪಿಐ ಆ್ಯಪ್‌ಗಳನ್ನು ಮಾತ್ರ ಮುಟ್ಟಬೇಡಿ, ಅವಕ್ಕೆ ಬ್ಯಾಂಕಿನ ದಾರಿಯೇ ಸರಿ.

ಕಾಗದಗಳನ್ನು ಓದುವುದು

ಹುಟ್ಟಿದ ದಿನದಿಂದಲೇ ಎಚ್ಚರ ಬೇಕು. ಶಾಲೆಯ ಟಿ.ಸಿ.ಯಲ್ಲಿ ಜೂನ್ 1 ಎಂದಿದ್ದರೆ ಅದು ಹೆಡ್‌ಮಾಸ್ತರು ಸೇರಿಸಿಕೊಳ್ಳುವಾಗ ಬರೆದ ತಾರೀಖೇ ಇರಬಹುದು. ಜಾತಕ ಇದ್ದರೆ ಅದರೊಂದಿಗೆ ತಾಳೆ ನೋಡಿ. ಇಲ್ಲದಿದ್ದರೆ ‘ಯಾವ ಬರ ಬಿದ್ದ ವರ್ಷ, ಯಾರ ಮದುವೆಯ ಹಿಂದೆಮುಂದೆ’ ಎಂದು ಹಿರಿಯರನ್ನು ಕೇಳಿ. ಪುಸ್ತಿಕೆಯಲ್ಲಿ ‘ದಾಖಲೆಯ ಪ್ರಕಾರ’ ಎಂದು ಬರೆದರೆ ಎರಡೂ ಉಳಿಯುತ್ತವೆ.

ತಾರೀಖಿಲ್ಲದ ಕಾಗದದ ಕಾಲ ಗುರುತಿಸಲು ನಮ್ಮ ರಾಜ್ಯದಲ್ಲಿ ಕೆಲವು ಒಳ್ಳೆಯ ಗುರುತುಗಳಿವೆ. ಸರ್ಟಿಫಿಕೇಟಿನಲ್ಲಿ ‘ಮೈಸೂರು ರಾಜ್ಯ’ ಎಂದಿದ್ದರೆ 1973ರ ನವೆಂಬರ್ 1ಕ್ಕೆ ಹಿಂದಿನದು. ಸ್ಟುಡಿಯೊ ಮೊಹರಿನಲ್ಲೋ ಅಂಗಡಿ ಬಿಲ್ಲಿನಲ್ಲೋ ಆರಂಕಿಯ ಪಿನ್‌ಕೋಡ್ ಇದ್ದರೆ 1972ರ ಆಗಸ್ಟ್ ನಂತರದ್ದು. ಕರೆಂಟ್ ರಸೀದಿಯಲ್ಲಿ ಕೆ.ಇ.ಬಿ. ಇದ್ದರೆ 1999ರ ಒಳಗಿನದು, ಕೆ.ಪಿ.ಟಿ.ಸಿ.ಎಲ್. ಹೆಸರಿನ ಮನೆ ಬಿಲ್ಲು ಅದರ ಮುಂದಿನ ಕೆಲವೇ ವರ್ಷಗಳದು, ಬೆಸ್ಕಾಂ, ಮೆಸ್ಕಾಂ, ಹೆಸ್ಕಾಂ, ಗೆಸ್ಕಾಂ ಬಂದದ್ದು 2002ರಲ್ಲಿ. ಹಳೆಯ ಅಚ್ಚಿನ ಫಾರಂ ಮುಗಿಯುವವರೆಗೆ ಬಳಸುವ ಕಚೇರಿ, ಅಂಗಡಿಗಳು ಇರುತ್ತವೆ, ಹಾಗಾಗಿ ಒಂದೆರಡು ವರ್ಷ ಆಚೀಚೆ ಬಿಡಿ.

ಐಟಿಐ ಸರ್ಟಿಫಿಕೇಟು, ವೈರ್‌ಮನ್ ಪರ್ಮಿಟ್, ಪಿ.ಎಫ್. ಚೀಟಿ, ಇ.ಎಸ್.ಐ. ಕಾರ್ಡು ಇವು ಕೆಲಸ ಮಾಡಿದ ಕಾರ್ಖಾನೆಯ ಹೆಸರು, ವರ್ಷ ಕೊಡುತ್ತವೆ. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಕಾರ್ಡು ಸಿಕ್ಕರೆ ಅದನ್ನು ನೆನಪಿನ ಪೆಟ್ಟಿಗೆಗೆ ಹಾಕುವ ಮುಂಚೆ ಕಾರ್ಮಿಕ ಇಲಾಖೆಯಲ್ಲಿ ವಿಚಾರಿಸಿ. ನೋಂದಾಯಿತ ಕಾರ್ಮಿಕರು ತೀರಿಕೊಂಡರೆ ನಾಮಿನಿಗೆ ಸಹಾಯಧನ ಇದೆ, ಅರ್ಜಿ ತಡವಾದರೆ ತೊಂದರೆ.

ಇನ್ನು ಲೆಕ್ಕದ ಪುಸ್ತಕ. ಇದನ್ನು ಓದಲು ಕಸುಬಿನ ಭಾಷೆ ತಿಳಿದವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ‘3/20’ ಎಂದಿದ್ದರೆ ಮಾರ್ಚ್ 20 ಅಲ್ಲ. ಅದು ಹಳೆಯ ವೈರಿನ ಅಳತೆ, 20 ಗೇಜಿನ (ಗೇಜ್ ಅಂದರೆ ತಂತಿಯ ದಪ್ಪದ ಅಳತೆ) ಮೂರು ಎಳೆ ಎಂದರ್ಥ. ‘7/20’ ಅಂದರೆ ಏಳು ಎಳೆ, ‘1/18’ ಅಂದರೆ 18 ಗೇಜಿನ ಒಂಟಿ ಎಳೆ. ಸ್ಲಾಟ್ (ತಂತಿ ಕೂರುವ ಸೀಳು), ಗೇಜ್, ಸುತ್ತು ಎಂದು ಮೂರು ಅಂಕಿಗಳ ಸಾಲು ಕಂಡರೆ ಅದು ಮೋಟರ್ ರೀವೈಂಡಿಂಗ್, ಅಂದರೆ ಸುಟ್ಟ ಮೋಟರಿಗೆ ಹೊಸ ತಂತಿ ಸುತ್ತುವ ಲೆಕ್ಕ. ಗೇಜ್ ಸಂಖ್ಯೆ ಹೆಚ್ಚಾದಷ್ಟು ತಂತಿ ತೆಳು. ಈ ಸಾಲುಗಳು ಇವತ್ತಿಗೂ ವೈಂಡಿಂಗ್ ಅಂಗಡಿಯವರಿಗೆ ಉಪಯೋಗದ್ದೇ, ಒಂದು ಜೆರಾಕ್ಸ್ ಪ್ರತಿ ಕೊಡಿ.

ಬಡಗಿಯ ಪುಸ್ತಕದಲ್ಲಿ ಅಡಿ, ಇಂಚು, ನೂಲು ಇರುತ್ತವೆ. ಎಂಟು ನೂಲಿಗೆ ಒಂದು ಇಂಚು. ಮರದ ಲೆಕ್ಕ ಘನ ಅಡಿಯಲ್ಲಿ: ಉದ್ದ ಅಡಿಯಲ್ಲಿ, ಅಗಲ ಮತ್ತು ದಪ್ಪ ಇಂಚಿನಲ್ಲಿ ಗುಣಿಸಿ 144ರಿಂದ ಭಾಗಿಸುವುದು. 7 ಅಡಿಯ ಎರಡು ನಿಲುವು, ಮೂರೂವರೆ ಅಡಿಯ ಮೇಲಿನ ಅಡ್ಡಪಟ್ಟಿ, ಅಷ್ಟೇ ಉದ್ದದ ಹೊಸ್ತಿಲು ಸೇರಿದರೆ 21 ಅಡಿ. 5 ಇಂಚು ಅಗಲ, 3 ಇಂಚು ದಪ್ಪಕ್ಕೆ 315 ಭಾಗ 144, ಅಂದರೆ ಸುಮಾರು 2.19 ಘನ ಅಡಿ. ಪುಸ್ತಕದಲ್ಲಿ ‘2.19 ಹೊನ್ನೆ’ ಅಂತಷ್ಟೇ ಇದ್ದರೆ ಅದು ಯಾರದೋ ಮನೆಯ ಒಂದು ಬಾಗಿಲ ಚೌಕಟ್ಟು! ಪಕ್ಕದಲ್ಲಿ ಹೆಸರಿದ್ದರೆ ಹೋಗಿ ನೋಡಿ ಬನ್ನಿ. ಹೊನ್ನೆಯ ಚೌಕಟ್ಟು ಇನ್ನೂ ನಿಂತಿರುವ ಸಂಭವವೇ ಹೆಚ್ಚು.

ಉಪಕರಣಗಳು

ತೊಳೆಯುವ ಮೊದಲು ನೋಡಿ. ಉಳಿಯ ಹಿಡಿಯ ತಲೆ ಯಾವ ಕಡೆ ಜಜ್ಜಿದೆ, ಗರಗಸದ ಅಲಗು ಅರ ಹಾಕಿ ಹಾಕಿ ಎಷ್ಟು ಸಣ್ಣಗಾಗಿದೆ, ಬೈರಿಗೆಯ ಗುಬುಟು ಎದೆಗೆ ಒತ್ತಿ ನುಣುಪಾಗಿದೆಯೇ, ಟೇಪಿನ ಮೊದಲ ಅಡಿಯ ಅಂಕಿ ಅಳಿಸಿದೆಯೇ. ಬೇರೆ ಹಿಡಿ ಹಾಕಿಸಿದ್ದು, ಇಕ್ಕಳಕ್ಕೆ ಸೈಕಲ್ ಟ್ಯೂಬು ಸುತ್ತಿದ್ದು, ಬೇರಾರದೋ ಹೆಸರು ಕೊರೆದದ್ದು ಇವೆಲ್ಲ ಬರೆದುಕೊಳ್ಳಿ. ಬೇರೆ ಹೆಸರಿದ್ದರೆ ಗುರುವಿನದೋ ಅಣ್ಣನದೋ ಇರಬಹುದು, ಸಾಲ ತಂದದ್ದೂ ಇರಬಹುದು. ಆಮೇಲೆ ಬಿಳಿ ಪಂಚೆಯ ಮೇಲೆ ಒಂದೊಂದನ್ನೇ ಇಟ್ಟು, ಪಕ್ಕದಲ್ಲಿ ಸ್ಕೇಲ್ ಇಟ್ಟು, ಕಿಟಕಿಯ ಓರೆ ಬೆಳಕಿನಲ್ಲಿ ಫ್ಲ್ಯಾಶ್ ಇಲ್ಲದೆ ಫೋಟೊ ತೆಗೆಯಿರಿ.

ತುಕ್ಕು ಬಿಡಿಸಲು ಸೀಮೆಎಣ್ಣೆಯಲ್ಲಿ ರಾತ್ರಿ ನೆನೆಹಾಕಿ ಹಿತ್ತಾಳೆ ಬ್ರಷ್‌ನಿಂದ ಉಜ್ಜುವುದು ಹಳೆಯ ಕ್ರಮ. ಸೀಮೆಎಣ್ಣೆ ಸಿಗುವುದು ಈಗ ಕಷ್ಟ. ಬಿಳಿ ವಿನೆಗರ್‌ನಲ್ಲಿ ಲೋಹದ ಭಾಗವನ್ನಷ್ಟೇ ಮುಳುಗಿಸಿ ಒಂದು ರಾತ್ರಿ ಇಟ್ಟು, ಬೆಳಿಗ್ಗೆ ಅಡುಗೆ ಸೋಡದ ನೀರಿನಲ್ಲಿ ತೊಳೆದು, ಕೂಡಲೇ ಬಿಸಿಲಿನಲ್ಲಿ ಒಣಗಿಸಿ. ಹೆಚ್ಚು ಹೊತ್ತು ಬಿಟ್ಟರೆ ವಿನೆಗರ್ ಉಕ್ಕನ್ನೇ ತಿನ್ನುತ್ತದೆ. ಒಣಗಿದ ಮೇಲೆ ಹೊಲಿಗೆ ಯಂತ್ರದ ಎಣ್ಣೆ ತೆಳ್ಳಗೆ ಸವರಿ. ಕೊಬ್ಬರಿ ಎಣ್ಣೆ ಬೇಡ, ಕೆಲವು ತಿಂಗಳಲ್ಲಿ ಅಂಟಂಟಾಗಿ ಧೂಳು ಹಿಡಿಯುತ್ತದೆ.

ಮರದ ಹಿಡಿಗೆ ಉಪ್ಪುಕಾಗದ ಹಾಕಬೇಡಿ. ಬೆರಳು ಸವೆದ ಗುಳಿ, ಬೆವರಿನ ಕಪ್ಪು ಹೋದರೆ ಉಳಿಯುವುದು ಅಂಗಡಿಯಲ್ಲಿ ಸಿಗುವ ಹಿಡಿಯೇ. ಅಗಸೆ ಎಣ್ಣೆ ಹನಿಸಿ ಬಟ್ಟೆಯಿಂದ ಒರೆಸಿದರೆ ಸಾಕು. ಆ ಬಟ್ಟೆಯನ್ನು ಮಾತ್ರ ಮುದುಡಿ ಮೂಲೆಗೆ ಎಸೆಯಬಾರದು. ಅಗಸೆ ಎಣ್ಣೆ ಒಣಗುವಾಗ ಬಿಸಿಯಾಗಿ ತಾನೇ ಹೊತ್ತಿಕೊಳ್ಳಬಲ್ಲದು. ಅಗಲವಾಗಿ ಹರವಿ ಒಣಗಿಸಿ ಅಥವಾ ನೀರಿನಲ್ಲಿ ನೆನೆಸಿಡಿ. ಆಯುಧಪೂಜೆಯಲ್ಲಿ ಅರಿಶಿನ ಕುಂಕುಮವನ್ನು ಅಲಗಿಗೆ ಹಚ್ಚಿ ಹಾಗೇ ಬಿಡುವ ರೂಢಿಯೂ ತುಕ್ಕಿಗೆ ದಾರಿ. ಹಿಡಿಗೋ ಪೆಟ್ಟಿಗೆಗೋ ಹಚ್ಚಿದರೆ ಪೂಜೆಗೇನೂ ಕೊರತೆಯಿಲ್ಲ. ಹಳೆಯ ಕರೆಂಟ್ ಡ್ರಿಲ್, ಗ್ರೈಂಡರುಗಳನ್ನು ‘ಓಡತ್ತಾ ನೋಡೋಣ’ ಎಂದು ಪ್ಲಗ್‌ಗೆ ಹಾಕಬೇಡಿ, ಒಳಗಿನ ಇನ್ಸುಲೇಶನ್ ಒಣಗಿ ಉದುರಿರುತ್ತದೆ. ಮೊದಲು ಮೆಗ್ಗರ್ (ಇನ್ಸುಲೇಶನ್ ಪರೀಕ್ಷಿಸುವ ಮೀಟರ್) ಇರುವ ಎಲೆಕ್ಟ್ರಿಷಿಯನ್‌ಗೆ ತೋರಿಸಿ.

ಎಲ್ಲವನ್ನೂ ಗಾಜಿನ ಕಪಾಟಿನಲ್ಲಿಡುವ ಆಸೆ ಸಹಜ, ಆದರೆ ಮೂರು ನಾಲ್ಕು ಸಾಕು. ಉಳಿದದ್ದು ಅವರ ಹತ್ತಿರ ಕೆಲಸ ಕಲಿತವರಿಗೆ ಹೋಗಲಿ. ಕೆಲಸ ಮಾಡುವ ಕೈಯಲ್ಲಿ ಉಪಕರಣಕ್ಕೆ ತುಕ್ಕು ಹಿಡಿಯುವುದಿಲ್ಲ. ಕೊಡುವಾಗ ಯಾವುದನ್ನು ಯಾರಿಗೆ ಕೊಟ್ಟಿರಿ ಎಂದು ಪಟ್ಟಿ ಬರೆದು ಪುಸ್ತಿಕೆಯ ಕೊನೆಯ ಪುಟಕ್ಕೆ ಸೇರಿಸಿ.

ಕೇಳಬೇಕಾದವರು, ಕೇಳಬೇಕಾದ್ದು

ನೆಂಟರಿಗಿಂತ ಮೊದಲು ಹಾರ್ಡ್‌ವೇರ್ ಅಂಗಡಿಯವರು, ಜೊತೆಗೆ ಹೆಲ್ಪರ್ ಆಗಿದ್ದವರು, ಅದೇ ಬೀದಿಯಲ್ಲಿ ಅದೇ ಕೆಲಸ ಮಾಡುತ್ತಿದ್ದ ಎದುರಾಳಿ, ಹತ್ತಾರು ವರ್ಷ ಇವರನ್ನೇ ಕರೆಯುತ್ತಿದ್ದ ಗಿರಾಕಿ. ಎದುರಾಳಿಯ ಮಾತಿಗೆ ಬೆಲೆ ಹೆಚ್ಚು, ಕೆಲಸದ ಗುಣ ನಿಜವಾಗಿ ತಿಳಿದವರು ಅವರೇ.

‘ಅಪ್ಪ ಹೇಗಿದ್ರು?’ ಎಂದು ಕೇಳಿದರೆ ‘ದೇವರಂಥ ಮನುಷ್ಯ’ ಎಂಬ ಉತ್ತರ ಬರುತ್ತದೆ, ಅಲ್ಲಿಗೆ ಮಾತು ನಿಲ್ಲುತ್ತದೆ. ಪ್ರಶ್ನೆ ಸಣ್ಣದಿರಲಿ. ‘ಮೇಸ್ತ್ರಿಗಳೇ, ಬೆಳಿಗ್ಗೆ ಕೆಲಸಕ್ಕೆ ಹೋದ ತಕ್ಷಣ ಮೊದಲು ಏನು ಮಾಡ್ತಿದ್ರು?’ ‘ಯಾವ ಕೆಲಸ ಒಪ್ಪಿಕೊಳ್ತಿರಲಿಲ್ಲ?’ ‘ದುಡ್ಡು ತಗೊಳ್ಳದೆ ಯಾರ ಮನೆಗೆ ಮಾಡಿಕೊಟ್ರು?’ ‘ಯಾವುದಕ್ಕೆ ಬಯ್ತಿದ್ರು, ಏನಂತ?’ ‘ಅವರು ಮಾಡಿದ ಕೆಲಸ ಅಂತ ನೋಡಿದ ಕೂಡಲೇ ಹೇಗೆ ಗೊತ್ತಾಗತ್ತೆ?’ ಕೊನೆಯ ಪ್ರಶ್ನೆಗೆ ಉತ್ತರ ಸಿಕ್ಕರೆ ಅರ್ಧ ಪುಸ್ತಿಕೆ ಆದಂತೆ: ಸ್ಕ್ರೂವಿನ ಸೀಳು ಎಲ್ಲವೂ ನೇರ ನಿಲ್ಲಿಸುತ್ತಿದ್ದರು, ಸ್ವಿಚ್ ಬೋರ್ಡಿನೊಳಗೆ ಗೇಣುದ್ದ ವೈರು ಸುತ್ತಿ ಬಿಡುತ್ತಿದ್ದರು, ಇಂಥವು. ಅವರು ಬಳಸುತ್ತಿದ್ದ ಉಪಕರಣವೊಂದನ್ನು ಒಯ್ದು ಕೈಗೆ ಕೊಡಿ. ಹಿಡಿದು ತೋರಿಸುತ್ತಾ ಮಾತಾಡುವಾಗ ಬರುವ ವಿವರ ಸುಮ್ಮನೆ ಕೂತು ಕೇಳಿದರೆ ಬರುವುದಿಲ್ಲ.

ಹೆಂಡತಿಯನ್ನು ಕಾರ್ಯಗಳೆಲ್ಲ ಮುಗಿದು ಜನ ಕರಗಿದ ಮೇಲೆ ಕೇಳಿ, ಅದೂ ಅಡುಗೆಮನೆಯಲ್ಲಿ, ಕೈಕೆಲಸದ ನಡುವೆ. ಸಂಜೆ ಬಂದವರು ಕೈ ಯಾವುದರಲ್ಲಿ ತೊಳೆಯುತ್ತಿದ್ದರು, ಕೂಲಿ ಬಾರದ ವಾರ ಮನೆ ಹೇಗೆ ನಡೆಯಿತು, ಯಾವ ಒಡವೆ ಯಾವ ಸಾಮಾನು ಕೊಳ್ಳಲು ಅಡವಿಟ್ಟದ್ದು. ಮೊದಲ ಡ್ರಿಲ್ ಮೆಷಿನ್ನು ಬಂದದ್ದು ಎಷ್ಟೋ ಮನೆಗಳಲ್ಲಿ ಅವರ ಬಳೆಯಿಂದಲೇ. ಆ ಸಾಲು ಪುಸ್ತಿಕೆಯಲ್ಲಿ ಇರಲೇಬೇಕು.

ಧ್ವನಿಮುದ್ರಣಕ್ಕೆ ಫೋನೇ ಸಾಕು. ಏರೋಪ್ಲೇನ್ ಮೋಡ್‌ಗೆ ಹಾಕಿ, ಫ್ಯಾನ್ ನಿಲ್ಲಿಸಿ, ಮಾತಾಡುವವರ ಎದುರು ಮೊಳದ ದೂರದಲ್ಲಿ ಮಡಚಿದ ಟವೆಲ್ ಮೇಲಿಡಿ. ಬರಿಯ ಟೇಬಲ್ ಮೇಲಿಟ್ಟರೆ ಲೋಟ ಇಟ್ಟ ಸದ್ದೇ ಕೇಳುತ್ತದೆ. ಒಂದು ಗಂಟೆ ಮೀರಬೇಡಿ. ಮುಗಿದ ದಿನವೇ ಕಡತಕ್ಕೆ ತಾರೀಖು, ಹೆಸರು, ವಿಷಯ ಕೊಟ್ಟು ಎರಡು ಕಡೆ ಉಳಿಸಿ.

ಬರೆಯುವಾಗ

ಹುಟ್ಟಿದ್ದು, ಓದಿದ್ದು, ಮದುವೆ, ಮಕ್ಕಳು ಎಂಬ ಕ್ರಮ ಒಂದು ಪುಟಕ್ಕೆ ಸಾಕು. ಉಳಿದದ್ದನ್ನು ಕೆಲಸಗಳ ಸುತ್ತ ಕಟ್ಟಿ. ಒಂದು ಬಾಗಿಲು, ಒಂದು ಬೋರ್‌ವೆಲ್ಲು, ಒಂದು ಮದುವೆಮನೆಯ ಲೈಟಿಂಗು. ‘ಕಷ್ಟಪಟ್ಟು ದುಡಿದು ಮಕ್ಕಳನ್ನು ಓದಿಸಿದರು’ ಎಂಬುದು ಯಾರ ಬಗ್ಗೆಯಾದರೂ ನಿಜ. ‘ಭಾನುವಾರ ನಾಲ್ಕು ಮನೆಯ ಫ್ಯಾನಿಗೆ 2.5ರ ಕಂಡೆನ್ಸರ್ ಹಾಕಿ ತಂದ ದುಡ್ಡು ಸೋಮವಾರ ಸ್ಕೂಲಿನ ಫೀಸಾಗುತ್ತಿತ್ತು’ ಎಂದರೆ ಆ ಒಬ್ಬರೇ ಕಣ್ಣಿಗೆ ಬರುತ್ತಾರೆ. ಅವರ ಬೈಗುಳ, ಅವರ ಸೀಮೆಯ ಮಾತು ಹೇಗಿತ್ತೋ ಹಾಗೇ ಬರೆಯಿರಿ, ಗ್ರಂಥದ ಕನ್ನಡಕ್ಕೆ ತಿದ್ದಬೇಡಿ.

ಕುಡಿತ, ಸಿಟ್ಟು, ಸಾಲ ಇದ್ದರೆ? ಬದುಕಿರುವವರಿಗೆ ನೋವಾಗುವ ವಿವರ ಬೇಡ. ಆದರೆ ಸಿಟ್ಟಿನವರನ್ನು ಶಾಂತಮೂರ್ತಿ ಎಂದು ಬರೆದರೆ ಓದಿದ ಹೆಲ್ಪರುಗಳು ನಗುತ್ತಾರೆ, ಉಳಿದ ಪುಟಗಳನ್ನೂ ನಂಬುವುದಿಲ್ಲ.

ಫೋಟೊಗಳ ವಿಷಯ ಚಿಕ್ಕದು. ಅಂಚೆಕಾರ್ಡಿನಷ್ಟಿರುವ ಪ್ರಿಂಟನ್ನು 600 ಡಿಪಿಐಯಲ್ಲಿ ಸ್ಕ್ಯಾನ್ ಮಾಡಿಸಿದರೆ ಎರಡರಷ್ಟು ದೊಡ್ಡದಾಗಿ ಅಚ್ಚು ಹಾಕಬಹುದು. ಫ್ರೇಮಿನ ಗಾಜಿಗೆ ಅಂಟಿಕೊಂಡ ಫೋಟೊವನ್ನು ಎಳೆಯಬೇಡಿ, ಮುಖವೇ ಗಾಜಿನಲ್ಲಿ ಉಳಿಯುತ್ತದೆ. ಗಾಜಿನ ಸಮೇತ ಸ್ಕ್ಯಾನ್ ಮಾಡಿ. ಹಿಂಬದಿಯಲ್ಲಿ ಹೆಸರು ಬರೆಯಲು ಮೆತ್ತನೆ ಪೆನ್ಸಿಲ್, ಬಾಲ್‌ಪೆನ್ ಅಲ್ಲ. ಹಾರ ಹಾಕಿದ ಪಾಸ್‌ಪೋರ್ಟ್ ಫೋಟೊಕ್ಕಿಂತ ಏಣಿ ಮೇಲೆ ನಿಂತ ಮಸುಕು ಫೋಟೊ ಮುಖಪುಟಕ್ಕೆ ಒಳ್ಳೆಯದು.

ಮನೆಯ ಕೈಪಿಡಿ

ಮನೆಯ ಕರೆಂಟು, ನೀರಿನ ಜೋಡಣೆಯನ್ನು ಒಂದು ಹಾಳೆಯಲ್ಲಿ ಬರೆದಿಡುವ ಈ ಕೆಲಸವನ್ನು ಹೆಚ್ಚಿನವರು ಮಾಡುವುದಿಲ್ಲ, ನಮ್ಮ ಮಟ್ಟಿಗೆ ಸ್ಮಾರಕ ಎಂದರೆ ಮೊದಲು ಇದೇ. ಎಲ್ಲವನ್ನೂ ತಾವೇ ನೋಡಿಕೊಳ್ಳುತ್ತಿದ್ದವರು ಹೋದ ಮೇಲೆ ಯಾವ ವಾಲ್ವ್ ಯಾವ ಟ್ಯಾಂಕಿನದು ಎಂದು ಮನೆಯಲ್ಲಿ ಯಾರಿಗೂ ತಿಳಿದಿರುವುದಿಲ್ಲ. ಮೊದಲ ಮಳೆಗಾಲದಲ್ಲೇ ಅದು ಗೊತ್ತಾಗುತ್ತದೆ.

ಇಬ್ಬರು ಬೇಕು. ಒಬ್ಬರು ಮೀಟರ್ ಬೋರ್ಡಿನ ಮುಂದೆ ಒಂದೊಂದೇ ಎಂಸಿಬಿ (ಫ್ಯೂಸಿನ ಬದಲಿಗಿರುವ ಸ್ವಿಚ್) ಇಳಿಸುತ್ತಾ ಹೋಗಲಿ, ಇನ್ನೊಬ್ಬರು ಕೋಣೆಯಿಂದ ಕೋಣೆಗೆ ಯಾವ ಲೈಟು, ಯಾವ ಪ್ಲಗ್ ಸತ್ತಿತು ಎಂದು ಫೋನಿನಲ್ಲಿ ಹೇಳಲಿ. ನೀರಿಗೂ ಹಾಗೆಯೇ, ಒಂದೊಂದು ವಾಲ್ವ್ ಮುಚ್ಚಿ ನಲ್ಲಿಗಳನ್ನು ಪರೀಕ್ಷಿಸಿ. ಹಳೆಯ ಗೇಟ್ ವಾಲ್ವ್ ಬಿಗಿಯಾಗಿದ್ದರೆ ಬಲ ಹಾಕಬೇಡಿ, ಒಳಗಿನ ಕಡ್ಡಿ ಮುರಿದರೆ ಮುಚ್ಚಿದಂತೆಯೇ ನಿಲ್ಲುತ್ತದೆ. ಬರೆದಿಡಬೇಕಾದ್ದು: ಆರ್.ಆರ್. ನಂಬರ್ (ಕರೆಂಟ್ ಬಿಲ್ಲಿನಲ್ಲಿರುವ ಸಂಪರ್ಕದ ಸಂಖ್ಯೆ), ಬೋರಿನ ಆಳ, ಪಂಪು ಎಷ್ಟು ಎಚ್.ಪಿ., ಎಷ್ಟು ಲೆಂತ್ ಪೈಪಿನ ಕೆಳಗೆ ಇಳಿಸಿದೆ (20 ಅಡಿಯ 18 ಲೆಂತ್ ಎಂದರೆ 360 ಅಡಿ), ಅರ್ತ್ ಗುಂಡಿ ಎಲ್ಲಿದೆ. ಸಂಪಿನ ಉದ್ದ, ಅಗಲ, ಆಳವನ್ನು ಅಡಿಯಲ್ಲಿ ಗುಣಿಸಿ 28.3ರಿಂದ ಗುಣಿಸಿದರೆ ಲೀಟರು. 8, 6, 5 ಅಡಿಯ ಸಂಪು ಸುಮಾರು 6,800 ಲೀಟರ್ ಹಿಡಿಯುತ್ತದೆ.

ಅವರ ಕೈಚಳಕದ ಕೆಲವು ಜೋಡಣೆಗಳು ಅಪಾಯದವೂ ಇರುತ್ತವೆ. ಕಿಟ್‌ಕ್ಯಾಟ್ ಎನ್ನುವ ಹಳೆಯ ಪಿಂಗಾಣಿ ಫ್ಯೂಸಿನಲ್ಲಿ ಫ್ಯೂಸ್ ತಂತಿಯ ಬದಲು ದಪ್ಪ ತಾಮ್ರದ ಎಳೆ, ಸ್ಟಾರ್ಟರ್ ತಪ್ಪಿಸಿ ಎಳೆದ ಡೈರೆಕ್ಟ್ ವೈರು, ಅರ್ತ್ ಇಲ್ಲದ ಮೂರು ಪಿನ್ ಪ್ಲಗ್ಗು. ಅವರಿಗೆ ಅದರ ಹದ ಗೊತ್ತಿತ್ತು, ಉಳಿದವರಿಗೆ ಗೊತ್ತಿಲ್ಲ. ಫೋಟೊ ತೆಗೆದಿಟ್ಟುಕೊಂಡು, ಬಲ್ಲವರಿಂದ ಬದಲಾಯಿಸಿ, 30 ಮಿಲಿಆಂಪ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಕಡಿಯುವ ಸ್ವಿಚ್) ಒಂದನ್ನು ಹಾಕಿಸಿ.

ಅಚ್ಚಿಗೆ

ಹದಿಮೂರನೇ ದಿನದ ಊಟಕ್ಕೋ ಶಿವಗಣಾರಾಧನೆಗೋ ಒಂದು ಹಾಳೆ ಸಾಕು, ಪುಸ್ತಿಕೆಗೆ ವರ್ಷಾಬ್ದಿಕದವರೆಗೆ ಸಮಯ ಕೊಡಿ. ಪುಸ್ತಕಗಳ ರೂಢಿಯ ಡೆಮ್ಮಿ ಅಳತೆಗಿಂತ ಎ5 ಅಳತೆ ಅಗ್ಗ. ಪಿನ್ ಹೊಡೆಯುವ ಪುಸ್ತಿಕೆಯ ಪುಟಸಂಖ್ಯೆ ನಾಲ್ಕರ ಮಡಿಯಲ್ಲೇ ಇರಬೇಕು. 32 ಪುಟದಲ್ಲಿ ಎಂಟು ಪುಟ ಫೋಟೊ ಮತ್ತಿತರೆಗೆ ಹೋದರೆ, 12 ಪಾಯಿಂಟ್ ಅಕ್ಷರದಲ್ಲಿ ನಾಲ್ಕು ಸಾವಿರ ಪದದ ಮೇಲೆ ಸ್ವಲ್ಪ ಹಿಡಿಯುತ್ತದೆ. ಒಳಗೆ 100 ಜಿಎಸ್‌ಎಂ ಮ್ಯಾಪ್ಲಿಥೊ ಕಾಗದ, ರಕ್ಷಾಪುಟಕ್ಕೆ 250 ಜಿಎಸ್‌ಎಂ ಆರ್ಟ್ ಕಾರ್ಡ್. ನೂರು ಪ್ರತಿಗೆ ಡಿಜಿಟಲ್ ಪ್ರಿಂಟೇ ಸರಿ, ಆಫ್‌ಸೆಟ್ಟಿನ ಪ್ಲೇಟ್ ಖರ್ಚು ಹೊರೆಯಾಗುತ್ತದೆ.

ಕೆಡುವುದು ಅಕ್ಷರದಲ್ಲಿ. ನೀವು ಫೋನಿನಲ್ಲಿ ಯೂನಿಕೋಡ್‌ನಲ್ಲಿ ಬರೆದದ್ದನ್ನು ಡಿಟಿಪಿ ಅಂಗಡಿಯವರು ನುಡಿ ತಂತ್ರಾಂಶದ ಹಳೆಯ ಅಕ್ಷರಕ್ಕೆ ಬದಲಾಯಿಸುವಾಗ ಅರ್ಕಾವತ್ತು, ಒತ್ತಕ್ಷರ, ಅಂಕಿಗಳು ಸ್ಥಾನ ತಪ್ಪುತ್ತವೆ. ‘ಕಾರ್ಖಾನೆ’, ‘ವರ್ಷ’, ‘ವೈರ್‌ಮನ್’ ಇಂಥ ಪದಗಳನ್ನೇ ಹುಡುಕಿ ನೋಡಿ. ಪರದೆಯ ಮೇಲೆ ಒಪ್ಪಿಗೆ ಕೊಡಬೇಡಿ, ಕಾಗದದ ಮೇಲೆ ಪ್ರೂಫ್ ತೆಗೆಸಿ, ಹೆಸರುಗಳನ್ನು ಮನೆಯ ಹಿರಿಯರೊಬ್ಬರು ಗಟ್ಟಿಯಾಗಿ ಓದಲಿ. ಒಬ್ಬ ಅಳಿಯನ ಹೆಸರು ಬಿಟ್ಟುಹೋದರೂ ಆ ಮಾತು ವರ್ಷಗಟ್ಟಲೆ ನಿಲ್ಲುತ್ತದೆ.

ಮನೆಯ ಕೈಪಿಡಿಯನ್ನು ಪುಸ್ತಿಕೆಯೊಳಗೆ ಸೇರಿಸಬೇಡಿ. ಅದು ಬದಲಾಗುತ್ತಿರಬೇಕು, ಎಲ್ಲರ ಕೈಗೂ ಹೋಗಬಾರದು. ಬೇರೆ ಹಾಳೆಯಲ್ಲಿ ಬರೆದು ಲ್ಯಾಮಿನೇಟ್ ಮಾಡಿಸಿ ಮೀಟರ್ ಪೆಟ್ಟಿಗೆಯ ಬಾಗಿಲಿನ ಒಳಬದಿಗೆ ಅಂಟಿಸಿ. ಪಂಪು ಎತ್ತಿದಾಗ, ಲೈನು ಬದಲಾದಾಗ ಹಾಳೆಯನ್ನೂ ಬದಲಾಯಿಸಿ, ತಾರೀಖು ಹಾಕಿ.